ಯಾವ ಚಂದ್ರಶೇಖರ? ಒಂದೇ ಹೆಸರಿನ ಗಣ್ಯರನ್ನು ಬೇರೆ ಬೇರೆಯಾಗಿ ಗುರುತಿಸುವ ಕ್ರಮ

ಸ್ಮರಣ ಸಂಚಿಕೆಗೆ ಲೇಖನ ಬರೆಯುವವರು, ರಸಪ್ರಶ್ನೆ ಸಿದ್ಧಪಡಿಸುವ ಅಧ್ಯಾಪಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಗಳು, ಹಳೆಯ ಪತ್ರಿಕೆಗಳ ಕಡತ ತಿರುವುವ ಸಂಶೋಧಕರು, ಹೀಗೆ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ತೊಡಕೆಂದರೆ ಒಂದೇ ಹೆಸರಿನ ಹಲವು ಪ್ರಸಿದ್ಧರು. ಎಚ್ಚರ ತಪ್ಪಿದರೆ ಒಬ್ಬರ ಜನ್ಮವರ್ಷ ಇನ್ನೊಬ್ಬರ ಸಾಧನೆಗೆ ಅಂಟಿಕೊಳ್ಳುತ್ತದೆ, ಮೂರನೆಯವರ ಭಾವಚಿತ್ರ ಇಬ್ಬರ ಲೇಖನದ ಮೇಲೂ ಅಚ್ಚಾಗುತ್ತದೆ. ಇದನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ಒಂದೇ ಒಂದು ಹೆಸರನ್ನು ಹಿಡಿದು ವಿವರಿಸಲಾಗಿದೆ. ಆ ಹೆಸರು ಚಂದ್ರಶೇಖರ. ರಾಜಕೀಯ, ಭೌತಶಾಸ್ತ್ರ, ಖಗೋಳ, ಕ್ರಿಕೆಟ್, ಕಾವ್ಯ, ಸಿನಿಮಾ ಎಲ್ಲದರಲ್ಲಿಯೂ ಈ ಹೆಸರಿನವರು ಇರುವುದರಿಂದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ.

ಮೊದಲ ಹೆಜ್ಜೆ: ಹೆಸರಿನ ಎಲ್ಲ ರೂಪಗಳನ್ನೂ ಹುಡುಕಿ

ಹುಡುಕಾಟಕ್ಕೆ ಕೂರುವ ಮುನ್ನ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಕನ್ನಡದಲ್ಲಿಯೇ ಚಂದ್ರಶೇಖರ, ಚಂದ್ರಶೇಖರ್, ಚಂದ್ರಶೇಖರಯ್ಯ ಎಂಬ ರೂಪಗಳಿವೆ. ತಮಿಳು ಮೂಲದವರ ಹೆಸರು ಚಂದ್ರಶೇಖರನ್ ಎಂದು ಕೊನೆಗೊಳ್ಳಬಹುದು. ಹಿಂದಿಯಲ್ಲಿ ಚಂದ್ರ ಮತ್ತು ಶೇಖರ್ ಎರಡು ಬಿಡಿ ಪದಗಳಾಗಿರುವುದೂ ಉಂಟು. ರೋಮನ್ ಲಿಪಿಗೆ ಹೋದರಂತೂ ‘ಶ’ ಮತ್ತು ‘ಖ’ ಅಕ್ಷರಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಂಡಿದ್ದಾರೆ. ಒಂದೇ ರೂಪವನ್ನು ಹಾಕಿ ಹುಡುಕಿದರೆ ಸಿಗುವುದು ಅರ್ಧ ಪಟ್ಟಿ ಮಾತ್ರ, ಮತ್ತು ಅರ್ಧ ಪಟ್ಟಿಯನ್ನು ಪೂರ್ಣವೆಂದು ನಂಬಿಕೊಳ್ಳುವುದೇ ಮುಂದಿನ ತಪ್ಪುಗಳಿಗೆಲ್ಲ ಮೂಲ. ವಿಕಿಪೀಡಿಯದಲ್ಲಿ ಒಂದೇ ಹೆಸರಿನವರನ್ನು ಒಟ್ಟಿಗೆ ಕೊಡುವ ‘ದ್ವಂದ್ವ ನಿವಾರಣೆ’ ಪುಟಗಳು ಆರಂಭಕ್ಕೆ ಅನುಕೂಲವೇ ಹೌದು. ಆದರೆ ಅವು ಪ್ರವೇಶದ್ವಾರಗಳಷ್ಟೇ, ಅಲ್ಲಿಗೆ ಹುಡುಕಾಟ ನಿಲ್ಲಿಸಬಾರದು.

ಎರಡನೆಯ ಹೆಜ್ಜೆ: ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಿರಿ

ಈ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹೆಜ್ಜೆ ಇದೇ, ಹೆಚ್ಚಿನವರು ಹಾರಿಸಿಬಿಡುವ ಹೆಜ್ಜೆಯೂ ಇದೇ. ಹೆಸರಿನ ಮುಂದಿರುವ ಅಕ್ಷರಗಳ ಹಿಂದೆ ಊರೋ ತಂದೆಯ ಹೆಸರೋ ಮನೆತನವೋ ಅಡಗಿರುತ್ತದೆ. ಹಳೆಯ ಮೈಸೂರು ಕಡೆಯ ಪದ್ಧತಿಯಲ್ಲಿ ಊರು, ತಂದೆ, ಆಮೇಲೆ ಸ್ವಂತ ಹೆಸರು ಬರುವುದು ಸಾಮಾನ್ಯ: ಡಿ.ವಿ.ಜಿ. ಅವರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುವೆಂಪು ಅವರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು ಮೊದಲು, ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ: ಚಂದ್ರಶೇಖರ ಬಸವಣ್ಣೆಪ್ಪ ಕಂಬಾರ. ಹಾಗಾಗಿ ಅಕಾರಾದಿಯ ಸೂಚಿಯಲ್ಲಿ ಕಂಬಾರರನ್ನು ‘ಕ’ ಅಡಿಯಲ್ಲಿ ಹುಡುಕಬೇಕಾಗುತ್ತದೆ, ಮೈಸೂರಿನ ಕ್ರಿಕೆಟಿಗ ಬಿ.ಎಸ್. ಚಂದ್ರಶೇಖರ್ ಅವರನ್ನು ‘ಚ’ ಅಡಿಯಲ್ಲಿ.

ಇನಿಷಿಯಲ್ ಬಿಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಎಸ್. ಚಂದ್ರಶೇಖರ್’ ಎಂಬ ನಾಲ್ಕಾರು ಅಕ್ಷರಗಳೇ ಸಾಕ್ಷಿ. ಈ ಹೆಸರಿನಲ್ಲಿ ಕನಿಷ್ಠ ಮೂವರು ದೊಡ್ಡವರಿದ್ದಾರೆ. ಒಬ್ಬರು ಸುಬ್ರಹ್ಮಣ್ಯನ್ ಚಂದ್ರಶೇಖರ್: 1910ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕೆಲಸ ಮಾಡಿ, 1983ರ ಭೌತಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ವಿಲಿಯಂ ಫೌಲರ್ ಅವರೊಂದಿಗೆ ಹಂಚಿಕೊಂಡು, 1995ರಲ್ಲಿ ತೀರಿಕೊಂಡವರು. ಶ್ವೇತಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರವೊಂದು ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟಿಗಿಂತ ಭಾರವಾಗಿ ಉಳಿಯಲಾರದು ಎಂಬ ‘ಚಂದ್ರಶೇಖರ್ ಮಿತಿ’ ಇವರದು. ಇನ್ನೊಬ್ಬರು ಶಿವರಾಮಕೃಷ್ಣ ಚಂದ್ರಶೇಖರ್: 1930ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ (ದ್ರವದಂತೆ ಹರಿದರೂ ಸ್ಫಟಿಕದಂತೆ ಅಣುಗಳು ಕ್ರಮವಾಗಿ ಜೋಡಣೆಗೊಂಡಿರುವ ವಸ್ತು) ರೂಪುಗೊಳ್ಳಬಲ್ಲುದೆಂದು ತಮ್ಮ ಸಹೋದ್ಯೋಗಿಗಳೊಂದಿಗೆ ತೋರಿಸಿದವರು, 2004ರಲ್ಲಿ ತೀರಿಕೊಂಡರು. ಮೂರನೆಯವರು ಶ್ರೀಪತಿ ಚಂದ್ರಶೇಖರ್, ಜನಸಂಖ್ಯಾಶಾಸ್ತ್ರಜ್ಞರು. 1967ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕುಟುಂಬ ಯೋಜನೆಯ ಹೊಣೆ ಹೊತ್ತವರು.

ಅಕ್ಷರ ಬಿಡಿಸಿದ ಕೂಡಲೇ ಮೂವರೂ ಬೇರೆಬೇರೆಯಾಗಿ ನಿಲ್ಲುತ್ತಾರೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಬೇಕು. ವಿದೇಶಿ ಗ್ರಂಥಸೂಚಿಗಳು ಕೊನೆಯ ಪದವನ್ನು ಮನೆತನದ ಹೆಸರೆಂದೂ ಮೊದಲ ಪದವನ್ನು ಸ್ವಂತ ಹೆಸರೆಂದೂ ತಿಳಿಯುತ್ತವೆ. ಸುಬ್ರಹ್ಮಣ್ಯನ್ ಎಂಬುದು ನೊಬೆಲ್ ವಿಜ್ಞಾನಿಯ ತಂದೆಯ ಹೆಸರು, ಚಂದ್ರಶೇಖರ್ ಎಂಬುದೇ ಅವರ ಸ್ವಂತ ಹೆಸರು ಎಂಬ ವಿಷಯ ಅಲ್ಲಿ ತಲೆಕೆಳಗಾಗಿರುತ್ತದೆ.

ಮೂರನೆಯ ಹೆಜ್ಜೆ: ಕ್ಷೇತ್ರವೊಂದನ್ನೇ ನೆಚ್ಚಿಕೊಳ್ಳಬೇಡಿ

‘ಕ್ರಿಕೆಟಿಗ ಚಂದ್ರಶೇಖರ್’, ‘ವಿಜ್ಞಾನಿ ಚಂದ್ರಶೇಖರ್’ ಎಂದು ಕ್ಷೇತ್ರವನ್ನು ಸೇರಿಸಿದರೆ ಸಾಕೆಂದು ಬಹಳ ಮಂದಿ ನಂಬಿದ್ದಾರೆ. ನನ್ನ ಅಭಿಪ್ರಾಯದಲ್ಲಿ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಈ ನಂಬಿಕೆಯಿಂದಲೇ. ಪ್ರಧಾನಿಯನ್ನೂ ಸ್ಪಿನ್ ಬೌಲರನ್ನೂ ಒಬ್ಬರೆಂದು ಯಾರೂ ತಿಳಿಯುವುದಿಲ್ಲ. ದೂರದಲ್ಲಿರುವವರು ಬೆರೆಯುವುದಿಲ್ಲ, ಹತ್ತಿರದಲ್ಲಿರುವವರೇ ಬೆರೆಯುತ್ತಾರೆ.

ಮೇಲೆ ಹೇಳಿದ ಇಬ್ಬರು ಭೌತವಿಜ್ಞಾನಿಗಳನ್ನೇ ನೋಡಿ. ಇಬ್ಬರೂ ಸಿ.ವಿ. ರಾಮನ್ ಅವರ ಹತ್ತಿರದ ಬಂಧುಗಳು: ಸುಬ್ರಹ್ಮಣ್ಯನ್ ಚಂದ್ರಶೇಖರ್ ರಾಮನ್ ಅವರ ಅಣ್ಣನ ಮಗ, ಶಿವರಾಮಕೃಷ್ಣ ಚಂದ್ರಶೇಖರ್ ಸೋದರಳಿಯ. ರಾಮನ್ ಅವರ ತಂದೆಯ ಹೆಸರೂ ಚಂದ್ರಶೇಖರ; ಸಿ.ವಿ. ಎಂಬಲ್ಲಿಯ ‘ಸಿ’ ಆ ಹೆಸರಿನದೇ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಂತೆ ನೊಬೆಲ್ ವಿಜ್ಞಾನಿಗೆ ಆ ಹೆಸರು ಬಂದಿತು. ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು, ಹಿರಿಯರು 1944ರಲ್ಲಿ, ಕಿರಿಯರು 1983ರಲ್ಲಿ. ಆ ಸೊಸೈಟಿಯ ರಾಯಲ್ ಪದಕವನ್ನೂ ಇಬ್ಬರೂ ಪಡೆದಿದ್ದಾರೆ, ಕ್ರಮವಾಗಿ 1962 ಮತ್ತು 1994ರಲ್ಲಿ. ಹೆಸರು, ಇನಿಷಿಯಲ್, ವಿಷಯ, ಬಂಧುತ್ವ, ಪದಕ ಇಷ್ಟೂ ಹೊಂದಿಕೊಂಡ ಮೇಲೆ ‘ಭೌತವಿಜ್ಞಾನಿ ಎಸ್. ಚಂದ್ರಶೇಖರ್, ರಾಮನ್ ಅವರ ಬಂಧು’ ಎಂಬ ಪರಿಚಯದಿಂದ ಓದುಗನಿಗೆ ತಿಳಿಯುವುದು ಏನೂ ಇಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಕ್ಷೇತ್ರದೊಳಗಿನ ಕ್ಷೇತ್ರ: ನಕ್ಷತ್ರಗಳೋ, ದ್ರವಸ್ಫಟಿಕಗಳೋ.

ಹಾಗೆಂದು ‘ಖಗೋಳ’ ಎಂದು ಬರೆದು ನಿಶ್ಚಿಂತರಾಗುವಂತೆಯೂ ಇಲ್ಲ. ಒಡಿಶಾದ ಖಂಡಪಡದಲ್ಲಿ 1835ರಲ್ಲಿ ಹುಟ್ಟಿದ, ಪಠಾಣಿ ಸಾಮಂತ ಎಂದು ಜನ ಕರೆಯುವ ಸಾಮಂತ ಚಂದ್ರಶೇಖರರು ದೂರದರ್ಶಕವಿಲ್ಲದೆ, ತಾವೇ ಮಾಡಿಕೊಂಡ ಸರಳ ಉಪಕರಣಗಳಿಂದ ಆಕಾಶವನ್ನು ಅಳೆದು ‘ಸಿದ್ಧಾಂತ ದರ್ಪಣ’ವನ್ನು ಸಂಸ್ಕೃತದಲ್ಲಿ ರಚಿಸಿದರು, ಅದು 1899ರಲ್ಲಿ ಅಚ್ಚಾಯಿತು. 1999ರ ಜುಲೈನಲ್ಲಿ ಅಮೆರಿಕ ಹಾರಿಸಿದ ‘ಚಂದ್ರ’ ಎಕ್ಸ್-ರೇ ದೂರದರ್ಶಕಕ್ಕೆ ಇಟ್ಟಿರುವುದು ಇವರ ಹೆಸರಲ್ಲ, ನೊಬೆಲ್ ವಿಜ್ಞಾನಿಯದು.

ಕ್ರಿಕೆಟ್ಟಿನಲ್ಲಿಯೂ ಇದೇ ಕಥೆ. ಬಿ.ಎಸ್. ಚಂದ್ರಶೇಖರ್ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಬಾಲ್ಯದ ಪೋಲಿಯೊದಿಂದ ಬಡವಾದ ಬಲಗೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದವರು. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಟೆಸ್ಟ್‌ಗಳಲ್ಲಿ ಅವರು ಗಳಿಸಿದ ಒಟ್ಟು ರನ್ 167, ಅಂದರೆ ವಿಕೆಟ್‌ಗಳಿಗಿಂತಲೂ ಕಡಿಮೆ. ಆದ್ದರಿಂದ ‘ಚಂದ್ರಶೇಖರ್ 56 ಎಸೆತಗಳಲ್ಲಿ ಶತಕ’ ಎಂಬ ಸಾಲು ಕಂಡರೆ ಅದು ಇವರದ್ದಾಗಲು ಸಾಧ್ಯವಿಲ್ಲ. 1988-89ರ ಇರಾನಿ ಪಂದ್ಯದಲ್ಲಿ ಆ ಶತಕ ಹೊಡೆದವರು ತಮಿಳುನಾಡಿನ ಆರಂಭಿಕ ಬ್ಯಾಟ್ಸ್‌ಮನ್ ವಿ.ಬಿ. ಚಂದ್ರಶೇಖರ್. ಎರಡನೆಯ ಇನಿಷಿಯಲ್ ಬಿಟ್ಟು ಬರೆದರೆ ಈ ವಿ.ಬಿ. ಅವರು ಅದೇ ತಮಿಳುನಾಡಿನ ಟೇಬಲ್ ಟೆನಿಸ್ ರಾಷ್ಟ್ರೀಯ ಚಾಂಪಿಯನ್ ವಿ. ಚಂದ್ರಶೇಖರ್ ಅವರೊಂದಿಗೆ ಬೆರೆತುಹೋಗುತ್ತಾರೆ.

ನಮ್ಮ ಸಾಹಿತ್ಯಲೋಕ ಇನ್ನೂ ಹತ್ತಿರದ ಜೋಡಿಯೊಂದನ್ನು ಕೊಟ್ಟಿದೆ. ಚಂದ್ರಶೇಖರ ಕಂಬಾರ ಮತ್ತು ಚಂದ್ರಶೇಖರ ಪಾಟೀಲ ಇಬ್ಬರೂ ಉತ್ತರ ಕರ್ನಾಟಕದವರು, ಇಬ್ಬರೂ ಕವಿ ಮತ್ತು ನಾಟಕಕಾರರು, ಹುಟ್ಟಿದ್ದು ಒಬ್ಬರು 1937ರಲ್ಲಿ, ಇನ್ನೊಬ್ಬರು 1939ರಲ್ಲಿ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 83ನೆಯ ಅಧಿವೇಶನ 2017ರಲ್ಲಿ ಮೈಸೂರಿನಲ್ಲಿ ನಡೆದಾಗ ಪಾಟೀಲರು ಅಧ್ಯಕ್ಷರು. ಮರು ಅಧಿವೇಶನ, ಅಂದರೆ 84ನೆಯದು, 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದಾಗ ಕಂಬಾರರು ಅಧ್ಯಕ್ಷರು. ಸಮ್ಮೇಳನಾಧ್ಯಕ್ಷರ ಪಟ್ಟಿಯಲ್ಲಿ ಮೇಲೆ ಕೆಳಗೆ ಕುಳಿತಿರುವ ಈ ಇಬ್ಬರ ನಡುವೆ ಪರೀಕ್ಷಾರ್ಥಿಯ ಪೆನ್ನು ಒಂದು ಸಾಲು ಜಾರಿದರೂ ಉತ್ತರ ತಪ್ಪುತ್ತದೆ. ಕಂಬಾರರಿಗೆ ಅವರ ಮನೆತನದ ಹೆಸರನ್ನು, ಪಾಟೀಲರಿಗೆ ‘ಚಂಪಾ’ ಎಂಬ ಕಾವ್ಯನಾಮವನ್ನು ತಪ್ಪದೆ ಜೋಡಿಸುವುದು ಸುಲಭ ಪರಿಹಾರ. ಧಾರವಾಡದ ‘ಸಂಕ್ರಮಣ’ ಪತ್ರಿಕೆ ಚಂಪಾ ಅವರದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಪದವಿ ಕಂಬಾರರದು.

ನಾಲ್ಕನೆಯ ಹೆಜ್ಜೆ: ವರ್ಷಗಳನ್ನು ಎರಡು ಸಲ ತೂಗಿ

ಜನನ ಮರಣದ ವರ್ಷಗಳನ್ನು ಹೆಸರಿನ ಪಕ್ಕ ಬರೆಯುವುದು ಗ್ರಂಥಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ಕ್ರಮ. ಒಂದೇ ಹೆಸರಿನ ಇಬ್ಬರು ಲೇಖಕರು ಸಿಕ್ಕಾಗ ಸೂಚಿಕಾರರು ಮೊದಲು ನೋಡುವುದು ಅದನ್ನೇ. ಆದರೆ ಸಾಧನೆಯ ವರ್ಷ ಒಂದೇ ಇದ್ದರೆ ಅದು ಗುರುತಾಗುವುದಿಲ್ಲ, ಬದಲಿಗೆ ಬಲೆಯಾಗುತ್ತದೆ. 1983ನೆಯ ಇಸವಿಯನ್ನೇ ತೆಗೆದುಕೊಳ್ಳಿ. ಆ ಜನವರಿಯಲ್ಲಿ ರಾಜಕಾರಣಿ ಚಂದ್ರಶೇಖರ್ ಕನ್ಯಾಕುಮಾರಿಯಿಂದ ಪಾದಯಾತ್ರೆ ಹೊರಟು ಜೂನ್ ತಿಂಗಳಲ್ಲಿ ದೆಹಲಿಯ ರಾಜಘಾಟ್ ತಲುಪಿದರು. ಬೆಂಗಳೂರಿನ ಚಂದ್ರಶೇಖರ್ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಅಕ್ಟೋಬರಿನಲ್ಲಿ ಷಿಕಾಗೊದ ಚಂದ್ರಶೇಖರ್ ಅವರಿಗೆ ನೊಬೆಲ್ ಘೋಷಣೆಯಾಯಿತು. ಆ ವರ್ಷದ ಪತ್ರಿಕೆಗಳನ್ನು ತಿರುವುವವರು ತಲೆಬರಹ ನೋಡಿ ತೀರ್ಮಾನಿಸಬಾರದು, ಸುದ್ದಿಯ ಮೊದಲ ಪ್ಯಾರಾವನ್ನಾದರೂ ಓದಬೇಕು.

ಪ್ರಶಸ್ತಿಯ ಸಾಲು ಮತ್ತು ಪ್ರಶಸ್ತಿ ಪ್ರಕಟವಾದ ವರ್ಷ ಬೇರೆಯಾಗಿರುವುದೂ ಉಂಟು. ಕಂಬಾರರದು 2010ನೆಯ ಸಾಲಿನ ಜ್ಞಾನಪೀಠ, ಅದು ಪ್ರಕಟವಾದದ್ದು 2011ರಲ್ಲಿ. ಎರಡು ಕಡೆ ಎರಡು ವರ್ಷ ಕಂಡ ಮಾತ್ರಕ್ಕೆ ಇಬ್ಬರು ವ್ಯಕ್ತಿಗಳೆಂದಾಗಲೀ ಒಂದು ಮೂಲ ಸುಳ್ಳೆಂದಾಗಲೀ ತಿಳಿಯಬೇಕಾಗಿಲ್ಲ.

ಐದನೆಯ ಹೆಜ್ಜೆ: ಹುಟ್ಟುಹೆಸರನ್ನೂ ಅಂಟಿಕೊಂಡ ಹೆಸರನ್ನೂ ಗುರುತಿಸಿ

ಕೆಲವರಿಗೆ ಹೆಸರಿನ ಎರಡನೆಯ ಭಾಗ ಮನೆಯಿಂದ ಬಂದುದಲ್ಲ. ಕ್ರಾಂತಿಕಾರಿ ಚಂದ್ರಶೇಖರ ಆಜಾದರ ಮನೆತನದ ಹೆಸರು ತಿವಾರಿ. 1906ರಲ್ಲಿ ಹುಟ್ಟಿದ ಅವರು 1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಪೊಲೀಸರೊಂದಿಗೆ ಹೋರಾಡುತ್ತ ಮಡಿದರು. ಕನ್ನಡ ನಟ ಚಂದ್ರಶೇಖರ್ ಅವರಿಗೆ 1973ರಲ್ಲಿ ತೆರೆ ಕಂಡ ಚಿತ್ರದ ಹೆಸರೇ ಅಂಟಿಕೊಂಡು ಅವರು ‘ಎಡಕಲ್ಲು ಗುಡ್ಡದ ಚಂದ್ರಶೇಖರ್’ ಆದರು. ಇದರಿಂದ ಅನುಕೂಲವೇ ಆಯಿತೆನ್ನಬೇಕು, ಏಕೆಂದರೆ ದೂರದರ್ಶನದ ‘ರಾಮಾಯಣ’ದಲ್ಲಿ ಸುಮಂತನ ಪಾತ್ರ ಮಾಡಿದ ಹಿಂದಿ ನಟನ ಹೆಸರೂ ಚಂದ್ರಶೇಖರ್. ಪ್ರಧಾನಿಯಾಗಿದ್ದ ಚಂದ್ರಶೇಖರ್ ಮಾತ್ರ ಹಿಂದೆ ಮುಂದೆ ಏನನ್ನೂ ಇಟ್ಟುಕೊಳ್ಳದವರು. ಅವರ ಬಗ್ಗೆ ಹುಡುಕುವಾಗ ಬಲಿಯಾ ಕ್ಷೇತ್ರದ ಹೆಸರನ್ನೋ, 1990ರ ನವೆಂಬರಿನಿಂದ 1991ರ ಜೂನ್ ತನಕದ ಅಧಿಕಾರಾವಧಿಯನ್ನೋ ಜೊತೆಗೆ ಹಾಕದೆ ಗತಿಯಿಲ್ಲ.

ಆರನೆಯ ಹೆಜ್ಜೆ: ಬರೆಯುವಾಗ ಓದುಗನಿಗೂ ಗುರುತು ಕೊಡಿ

ಗುರುತಿಸುವ ಕೆಲಸ ಮುಗಿದ ಮೇಲೆ ಅದು ನಿಮ್ಮ ಟಿಪ್ಪಣಿಯಲ್ಲಿಯೇ ಉಳಿಯಬಾರದು. ಲೇಖನದಲ್ಲಿ ಹೆಸರು ಮೊದಲ ಸಲ ಬಂದಾಗ ಬಿಡಿಸಿದ ಪೂರ್ಣ ಹೆಸರನ್ನೂ ವರ್ಷಗಳನ್ನೂ ಕೆಲಸವನ್ನೂ ಒಂದೇ ವಾಕ್ಯದಲ್ಲಿ ಕೊಟ್ಟುಬಿಡಿ; ಆಮೇಲೆ ಬರಿ ‘ಚಂದ್ರಶೇಖರ್’ ಎಂದರೆ ತೊಂದರೆಯಿಲ್ಲ. ಇಬ್ಬರು ಚಂದ್ರಶೇಖರರು ಒಂದೇ ಲೇಖನದಲ್ಲಿ ಬರುವುದಾದರೆ ಪ್ರತಿ ಸಲವೂ ಇನಿಷಿಯಲ್ ಅಥವಾ ಊರು ಇರಲೇಬೇಕು, ಸಾಲು ಉದ್ದವಾದರೂ ಚಿಂತೆಯಿಲ್ಲ. ವಿಜ್ಞಾನಿಗಳ ಪ್ರಬಂಧಗಳನ್ನು ಉಲ್ಲೇಖಿಸುವವರು ಸಂಸ್ಥೆಯ ಹೆಸರನ್ನು ಪರಿಶೀಲಿಸಬೇಕು: ಷಿಕಾಗೊ ಎಂದಿದ್ದರೆ ಒಬ್ಬರು, ಬೆಂಗಳೂರು ಅಥವಾ ಮೈಸೂರು ಎಂದಿದ್ದರೆ ಇನ್ನೊಬ್ಬರು. ಈಗಿನ ಸಂಶೋಧಕರಿಗೆ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಇರುವುದರಿಂದ ಈ ತೊಡಕು ಕಡಿಮೆಯಾಗಿದೆ, ಆದರೆ 2012ರಲ್ಲಿ ಆರಂಭವಾದ ಆ ವ್ಯವಸ್ಥೆ ಹಿಂದಿನ ತಲೆಮಾರಿನವರ ಪ್ರಬಂಧಗಳಿಗೆ ಒದಗುವುದಿಲ್ಲ.

ಭಾವಚಿತ್ರವನ್ನು ಕೊನೆಗೆ ಆಯ್ಕೆ ಮಾಡಿ. ಹೆಸರು ಹಾಕಿ ಹುಡುಕಿದಾಗ ಮೊದಲಿಗೆ ಬರುವ ಚಿತ್ರ ಹೆಚ್ಚು ಪ್ರಸಿದ್ಧರಾದವರದ್ದಾಗಿರುತ್ತದೆಯೇ ಹೊರತು ನಿಮಗೆ ಬೇಕಾದವರದ್ದೇ ಆಗಿರಬೇಕೆಂದಿಲ್ಲ. ದ್ರವಸ್ಫಟಿಕದ ಚಂದ್ರಶೇಖರ್ ಬಗ್ಗೆ ಬರೆದು ನೊಬೆಲ್ ಚಂದ್ರಶೇಖರ್ ಅವರ ಚಿತ್ರ ಅಚ್ಚು ಮಾಡುವ ಸಂಭವ ಬಹಳ. ಚಿತ್ರದ ಕೆಳಗಿನ ವಿವರ, ಅದನ್ನು ಇಟ್ಟಿರುವ ಸಂಸ್ಥೆ, ತೆಗೆದ ವರ್ಷ ಈ ಮೂರೂ ನಿಮ್ಮ ಟಿಪ್ಪಣಿಯೊಂದಿಗೆ ಹೊಂದದಿದ್ದರೆ ಚಿತ್ರವಿಲ್ಲದೆಯೇ ಲೇಖನವನ್ನು ಕಳುಹಿಸುವುದು ಲೇಸು.