ಅರಿಶಿನದ ಕರ್ಕ್ಯುಮಿನ್ ಪಾನೀಯದಲ್ಲಿ ತಳ ಸೇರದಂತೆ: ಝೀನ್ ನ್ಯಾನೋಕಣಗಳ ನನ್ನ ಅನುಭವ

ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಪಾನೀಯಕ್ಕೆ ಹಾಗೇ ಬೆರೆಸಿದರೆ ತಳದಲ್ಲಿ ಹಳದಿ ಗಸಿಯಾಗಿ ಕೂರುತ್ತದೆ. ಹೊಟ್ಟೆಗೆ ಹೋದ ಮೇಲೂ ಕರಗದೆ ಉಳಿದದ್ದನ್ನು ಕರುಳು ಹೀರಿಕೊಳ್ಳಲಾರದು. ಅದಕ್ಕೇ ನಾನು ಅದನ್ನು ಮೆಕ್ಕೆಜೋಳದ ಪ್ರೋಟೀನಾದ ಝೀನ್ ಕಣಗಳೊಳಗೆ ಸೇರಿಸುತ್ತೇನೆ. ಝೀನ್ 80% ಎಥನಾಲ್‌ನಲ್ಲಿ (ಆಲ್ಕೊಹಾಲ್) ಕರಗುತ್ತದೆ, ಬರಿಯ ನೀರಿನಲ್ಲಿ ಕರಗುವುದಿಲ್ಲ; ಹಾಗಾಗಿ ದ್ರಾವಣವನ್ನು ನೀರಿಗೆ ಬಿಟ್ಟೊಡನೆ ಕರ್ಕ್ಯುಮಿನ್ನನ್ನು ಒಳಗಿಟ್ಟುಕೊಂಡು ಕಣಗಳಾಗುತ್ತದೆ. ಇಡೀ ವಿಧಾನ ನಿಂತಿರುವುದೇ ಈ ಗುಣದ ಮೇಲೆ.

40 ಮಿ.ಲೀ. 80% ಎಥನಾಲ್‌ಗೆ 1 ಗ್ರಾಂ ಝೀನ್ ಹಾಕಿ ಒಂದು ಗಂಟೆ ಕಲಕಿ, ಬಳಿಕ 50 ಮಿ.ಗ್ರಾಂ ಕರ್ಕ್ಯುಮಿನ್ ಸೇರಿಸುತ್ತೇನೆ. ಅದು ಬೆಳಕಿಗೆ ಕೆಡುವುದರಿಂದ ಬೀಕರಿಗೆ ಅಲ್ಯುಮಿನಿಯಂ ಹಾಳೆ ಸುತ್ತಬೇಕು. ಇನ್ನೊಂದರಲ್ಲಿ 120 ಮಿ.ಲೀ. ನೀರು, 1 ಗ್ರಾಂ ಸೋಡಿಯಂ ಕೇಸಿನೇಟ್ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಹಾಲಿನ ಪ್ರೋಟೀನ್). ಪಿಎಚ್ 7 ದಾಟದಿರಲಿ, ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗ ಒಡೆಯುತ್ತದೆ.

ಸುರಿಯುವ ಹಂತದಲ್ಲೇ ಹೆಚ್ಚಿನವು ಹಾಳಾಗುವುದು. ನೀರು ಸುಮಾರು 1000 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗ, ಸಿರಿಂಜಿನ ಸೂಜಿಯ ತುದಿಯನ್ನು ಸುಳಿಯ ಪಕ್ಕದಲ್ಲಿ ಮುಳುಗಿಸಿ, ಎರಡು ನಿಮಿಷದಲ್ಲಿ ಝೀನ್ ದ್ರಾವಣವನ್ನೆಲ್ಲ ಒಳಗೆ ಬಿಡುತ್ತೇನೆ. ಬೀಕರಿನ ಗೋಡೆಗೆ ತಾಗಿ ಇಳಿದರೆ ಎಥನಾಲ್ ನಿಧಾನವಾಗಿ ತೆಳುವಾಗಿ, ಝೀನ್ ಅಂಟಂಟು ಎಳೆಗಳಾಗುತ್ತದೆ. ಆ ಎಳೆಗಳನ್ನು ಎಷ್ಟು ಕಲಕಿದರೂ ಕಣಗಳಾಗವು; ಚೆಲ್ಲಿ ಮೊದಲಿಂದ ಮಾಡುವುದೇ ಸರಿ.

ಎಥನಾಲನ್ನು ರೋಟರಿ ಇವಾಪೊರೇಟರಿನಲ್ಲಿ (ನಿರ್ವಾತದಲ್ಲಿ ತಿರುಗಿಸುತ್ತ ಆವಿ ಮಾಡುವ ಯಂತ್ರ) 40–45 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಗೆಯುತ್ತೇನೆ. ಕೇಸಿನೇಟ್ ನೊರೆ ಉಕ್ಕಿಸುತ್ತದೆ, ನಿರ್ವಾತವನ್ನು ಮೆಲ್ಲಗೆ ಏರಿಸಿ. ನಂತರ ಕಡಿಮೆ ವೇಗದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಗಿರ್ರನೆ ತಿರುಗಿಸಿ) ತಳದ ಗಸಿಯನ್ನು ತೆಗೆದುಹಾಕಬೇಕು. ಈ ಹಂತ ತಪ್ಪಿಸಿದರೆ ಕಣದೊಳಗೆ ಸೇರದ ಹರಳುಗಳೂ ಸೇರಿದವೆಂದೇ ಲೆಕ್ಕಕ್ಕೆ ಬರುತ್ತವೆ. ಎಷ್ಟು ಕರ್ಕ್ಯುಮಿನ್ ಸೇರಿದೆಯೆಂದು ಅಳೆಯಲು ಕಣಗಳನ್ನು 80% ಎಥನಾಲ್‌ನಲ್ಲಿ ಕರಗಿಸಿ, 425 ನ್ಯಾನೋಮೀಟರ್‌ನ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಓದುತ್ತೇನೆ. ಕೇಸಿನೇಟ್ ಅದರಲ್ಲಿ ಕರಗದೆ ಮಬ್ಬಾಗಿಸುವುದರಿಂದ ಓದುವ ಮೊದಲು ಮತ್ತೊಮ್ಮೆ ಸೆಂಟ್ರಿಫ್ಯೂಜ್ ಬೇಕೇಬೇಕು.

ಕಣದ ಗಾತ್ರ 100–200 ನ್ಯಾನೋಮೀಟರ್ ಬಂದರೆ ಸಾಕು. ಇನ್ನೂ ಚಿಕ್ಕದಾಗಿಸಲು ದಿನಗಟ್ಟಲೆ ಗುದ್ದಾಡುವುದಕ್ಕಿಂತ, ಅದು ಸೇರಬೇಕಾದ ಆಹಾರದ ಪಿಎಚ್ ಮೊದಲು ನೋಡಿ. ಕೇಸಿನೇಟ್ ಪಿಎಚ್ 4.6ರ ಸುತ್ತ, ಕಣಗಳನ್ನು ಒಂದರಿಂದೊಂದು ದೂರವಿಡುವ ವಿದ್ಯುದಾವೇಶ ಕಳೆದುಕೊಳ್ಳುತ್ತದೆ. ಹಣ್ಣಿನ ರಸಕ್ಕೆ ಹಾಕಿದರೆ ಹಾಲು ಒಡೆದಂತೆ ಗಂಟು ಕಟ್ಟುತ್ತದೆ. ಹುಳಿ ಪಾನೀಯಕ್ಕೆ ಪೆಕ್ಟಿನ್ (ಹಣ್ಣಿನ ಸಿಪ್ಪೆಯ ಅಂಟುನಾರು) ಹೊದಿಕೆ ಕೊಡುತ್ತೇನೆ: ಪಿಎಚ್ 7ರಲ್ಲಿ ಕಣಗಳನ್ನು ಪೆಕ್ಟಿನ್ ದ್ರಾವಣಕ್ಕೆ ಸುರಿದು, ಕಲಕುತ್ತಲೇ 4ಕ್ಕೆ ಇಳಿಸುವುದು. ಪೆಕ್ಟಿನ್ ಕಡಿಮೆಯಾದರೆ ಒಂದೇ ಎಳೆ ಎರಡು ಕಣಗಳನ್ನು ಹೆಣೆದು, ಹೊದಿಕೆಯೇ ಇಲ್ಲದ್ದಕ್ಕಿಂತ ಬೇಗ ತಳ ಸೇರಿಸುತ್ತದೆ. ಕಣದ ತೂಕದ ಕಾಲು, ಅರ್ಧ, ಸಮ ಪಾಲು ಪೆಕ್ಟಿನ್ ಹಾಕಿದ ಮೂರು ನಳಿಕೆಗಳನ್ನು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಳ ನೋಡಿ ಆರಿಸುತ್ತೇನೆ.