ಚೊಚ್ಚಲ ಬಾಳಂತಿಯ ಕೋಣೆಯಲ್ಲಿ

ಮನೆಯ ಬಸುರಿಗೆ ಎಂಟು ತಿಂಗಳು ತುಂಬಿತೆಂದರೆ ನಾನು ತೋಟದಲ್ಲಿ ನೆಲ ನೋಡುತ್ತಲೇ ನಡೆಯುತ್ತೇನೆ. ಅಗಲವಾದ, ಸೀಳಿಲ್ಲದ, ಒಳಮೈ ನುಣುಪಾಗಿರುವ ಅಡಿಕೆ ಹಾಳೆ ಕಣ್ಣಿಗೆ ಬಿದ್ದರೆ ತಂದು ತೊಳೆದು, ನೆರಳಿನಲ್ಲಿ ಆರಿಸಿ ಅಟ್ಟಕ್ಕೆ ಏರಿಸುತ್ತೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಿನ ನಮ್ಮ ಮನೆಗಳಲ್ಲಿ ಎಳೆಯ ಮಗುವನ್ನು ಮೀಯಿಸುವುದು ಹಾಳೆಯ ಮೇಲೆ. ಮೂವರನ್ನು ಹೆತ್ತು, ಇಬ್ಬರು ಹೆಣ್ಣುಮಕ್ಕಳ, ಒಬ್ಬಳು ಸೊಸೆಯ, ತಂಗಿಯ ಮಗಳ ಬಾಳಂತನ ಮಾಡಿ ಮುಗಿಸಿದ ಮೇಲೆ ನನಗೆ ಒಂದು ಮಾತು ಮನದಟ್ಟಾಗಿದೆ. ಹುಟ್ಟಿದ ಮಗುವಿಗೆ ಬೇಕಾದದ್ದು ತೀರಾ ಸ್ವಲ್ಪ, ಹೆತ್ತವಳಿಗೆ ಬೇಕಾದದ್ದು ಬಹಳ. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು: ಮಗುವಿನ ಬಾಯಿಗೆ ಹತ್ತು ಬಗೆಯ ಮದ್ದು, ತಾಯಿಯ ಬಾಯಿಗೆ ಹತ್ತು ಬಗೆಯ ಪಥ್ಯ.

ಮೊದಲು ಆಸ್ಪತ್ರೆಯ ಮಾತು. ನಮ್ಮ ಜಿಲ್ಲೆಯ ಉತ್ತರದವರು ಹೆರಿಗೆಗೆ ಮಂಗಳೂರನ್ನೇ ನೆಚ್ಚಿಕೊಂಡವರು. ಕಾಸರಗೋಡಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದಾಗಿ ಕರ್ನಾಟಕಕ್ಕೆ ಹೋಗುವ ತಲಪಾಡಿಯ ಗಡಿ ಮುಚ್ಚಿದಾಗ ಗಡಿಯ ಈಚೆಗಿದ್ದ ರೋಗಿಗಳು, ಬಸುರಿಯರು ಎಷ್ಟು ಕಂಗಾಲಾದರೆಂದು ನಾವೆಲ್ಲ ಕಂಡಿದ್ದೇವೆ. ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಿದ್ದೇನೆ: ಮಂಗಳೂರಿನಲ್ಲಿ ತೋರಿಸುತ್ತಿದ್ದರೂ ಕಾಸರಗೋಡು ಅಥವಾ ಕಾಞಂಗಾಡಿನ ಒಂದು ಆಸ್ಪತ್ರೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ಕಾಗದಗಳೆಲ್ಲ ಒಂದೇ ಚೀಲದಲ್ಲಿರಲಿ. ಮನೆ ಗುಡ್ಡದ ಆಚೆಗಿದ್ದು ಜೀಪು ಮಾತ್ರ ಬರುವ ದಾರಿಯಾದರೆ ಚಾಲಕನಿಗೆ ಮೊದಲೇ ತಿಳಿಸಿಡಿ. 108ಕ್ಕೆ ಕರೆ ಮಾಡಿದರೂ ಗೇಟಿನವರೆಗೆ ಬಸುರಿಯನ್ನು ಹೇಗೆ ಇಳಿಸುವುದೆಂಬುದು ಗೊತ್ತಿರಬೇಕು.

ಚೊಚ್ಚಲ ಹೆರಿಗೆ ನಿಧಾನ. ನೋವು ಶುರುವಾದ ಮೇಲೆ ಹನ್ನೆರಡು ಗಂಟೆ, ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಬಂದು ಬಂದು ಮಾಯವಾಗುವ, ಸ್ವಲ್ಪ ನಡೆದಾಡಿದರೆ ತಗ್ಗುವ ನೋವು ಸುಳ್ಳು ನೋವು. ನಿಜವಾದದ್ದು ಹೊತ್ತು ಹೋದಂತೆ ಹತ್ತಿರವಾಗುತ್ತದೆ, ಬಲವಾಗುತ್ತದೆ, ಸೊಂಟದಿಂದ ಹೊಟ್ಟೆಗೆ ಸುತ್ತಿಕೊಂಡು ಬರುತ್ತದೆ. ಐದು ನಿಮಿಷಕ್ಕೊಮ್ಮೆ ಬರುತ್ತಿದೆಯೆಂದರೆ ಆಸ್ಪತ್ರೆಯಲ್ಲಿರಬೇಕು. ಮನೆ ದೂರವಿದ್ದರೆ ಅದಕ್ಕಿಂತ ಎಷ್ಟೋ ಮೊದಲು. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ನೋವಿಗೆ ಕಾಯಬೇಡಿ. ಹೋದ ನೀರು ಹಸಿರಾಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ. ನೋವಿನ ನಡುವೆ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಮೈ ಸಡಿಲ ಬಿಡುವುದನ್ನು ಕಲಿತವಳು ಅರ್ಧ ಗೆದ್ದಳು. ಸಿಸೇರಿಯನ್ ಆಯಿತೆಂದು ಮುಖ ಸಣ್ಣ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಟ್ಟೆ ಕೊಯ್ಸಿಕೊಂಡು ಹೆತ್ತವಳೂ ಹೆತ್ತವಳೇ. ಅವಳಿಗೆ ಆರೈಕೆ ಇನ್ನೂ ಹೆಚ್ಚು ಬೇಕು, ಅಷ್ಟೇ.

ಇನ್ನು ಹಾಲು. ಇಲ್ಲಿ ನಾನು ನನ್ನದೇ ತಪ್ಪನ್ನು ಹೇಳಬೇಕು. 1981ರ ಆಟಿ ತಿಂಗಳಿನಲ್ಲಿ ನನ್ನ ದೊಡ್ಡ ಮಗ ಹುಟ್ಟಿದಾಗ ಮೊದಲು ಬಂದ ದಪ್ಪ ಹಳದಿ ಹಾಲನ್ನು ಹಿಂಡಿ ಚೆಲ್ಲಿದೆವು, ಮಗುವಿನ ನಾಲಿಗೆಗೆ ಜೇನು ಸವರಿದೆವು. ಹಿರಿಯರು ಹೇಳಿದರು, ನಾನು ಮಾಡಿದೆ. ಚಿನ್ನದಂಥ ಆ ಹಾಲು ನೆಲದ ಪಾಲಾದದ್ದನ್ನು ನೆನೆದರೆ ಈಗಲೂ ಎದೆ ಚುರುಕ್ಕೆನ್ನುತ್ತದೆ. ರೋಗ ತಡೆಯುವ ಶಕ್ತಿಯನ್ನು ಅದು ಮಗುವಿಗೆ ಕೊಡುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳಿ. ಸಿಸೇರಿಯನ್ ಆದವರು ನರ್ಸ್‌ನ ಸಹಾಯ ಕೇಳಿ ಆದಷ್ಟು ಬೇಗ ಕುಡಿಸಿ. ಜೇನು ಒಂದು ವರ್ಷ ತುಂಬುವ ತನಕ ಬೇಡವೇ ಬೇಡ. ಅದರಲ್ಲಿರಬಹುದಾದ ರೋಗಾಣುವನ್ನು ಎಳೆಯ ಕರುಳು ತಡೆದುಕೊಳ್ಳುವುದಿಲ್ಲ. ಬಜೆ ತೇಯ್ದು ನೆಕ್ಕಿಸುವುದು, ಸಕ್ಕರೆ ನೀರು, ಹಸುವಿನ ಹಾಲು, ಕುದಿಸಿ ಆರಿಸಿದ ನೀರು ಯಾವುದೂ ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಸೆಕೆಯ ಮೇ ತಿಂಗಳಾದರೂ ಸರಿಯೇ. ವೈದ್ಯರು ಕೊಟ್ಟ ಹನಿಮದ್ದು ಬೇರೆ ಮಾತು.

ಮೊದಲ ಎರಡು ದಿನ ಹಾಲು ಬರುವುದು ಚಮಚದ ಲೆಕ್ಕದಲ್ಲಿ. ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. "ನಿನಗೆ ಹಾಲಿಲ್ಲ" ಎಂದು ನೋಡಲು ಬಂದವರು ಅನ್ನುವ ಮಾತಿಗೆ ಕಿವಿಗೊಡಬೇಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿದರೆ ಹಾಲು ತಾನಾಗಿ ಏರುತ್ತದೆ. ಅಳುವ ತನಕ ಕಾಯಬಾರದು. ತಲೆ ಅತ್ತಿತ್ತ ಹೊರಳಿಸಿ ಬಾಯಿ ತೆರೆದರೆ, ಮುಷ್ಟಿ ಬಾಯಿಗೆ ಒಯ್ದರೆ ಹಸಿವಾಗಿದೆಯೆಂದು ಅರ್ಥ. ತೊಟ್ಟನ್ನಷ್ಟೇ ಕಚ್ಚಿ ಎಳೆದರೆ ತೊಟ್ಟು ಒಡೆದು ಕಣ್ಣೀರು ಬರಿಸುತ್ತದೆ. ಬಾಯಿ ಅಗಲವಾಗಿ ತೆರೆದ ಕ್ಷಣಕ್ಕೆ ಮಗುವನ್ನೇ ಎದೆಯ ಹತ್ತಿರ ತನ್ನಿ, ತೊಟ್ಟಿನ ಸುತ್ತಿನ ಕಪ್ಪು ಭಾಗವೂ ಬಾಯೊಳಗೆ ಹೋಗಲಿ, ಗದ್ದ ಎದೆಗೆ ತಾಗಿರಲಿ. ನೋವಾದರೆ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಾಕಿಕೊಳ್ಳಿ. ಒಡೆದ ತೊಟ್ಟಿಗೆ ಕುಡಿಸಿದ ಮೇಲೆ ಎರಡು ಹನಿ ತನ್ನದೇ ಹಾಲು ಸವರಿ ಗಾಳಿಗೆ ಆರಲು ಬಿಟ್ಟರೆ ಸಾಕು. ಮೂರನೆಯ, ನಾಲ್ಕನೆಯ ದಿನ ಎದೆ ಕಲ್ಲಿನಂತಾಗುತ್ತದೆ. ಆಗ ಕುಡಿಸುವುದನ್ನು ನಿಲ್ಲಿಸಬಾರದು. ಕುಡಿಸುವ ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕುಡಿಸಿದ ಮೇಲೆ ತಣ್ಣೀರಿನ ಬಟ್ಟೆ. ಹಿಂಡಿದ ಹಾಲನ್ನು ಕೊಡಬೇಕಾಗಿ ಬಂದರೆ ಬಾಟಲಿಗಿಂತ ಕುದಿಸಿ ತೊಳೆದ ಒಳಲೆ ಮೇಲು.

ಹಾಲು ಸಾಲುತ್ತದೆಯೋ ಇಲ್ಲವೋ ಎಂಬುದನ್ನು ಮಗುವಿನ ಬಟ್ಟೆ ಹೇಳುತ್ತದೆ. ಐದು ದಿನ ಕಳೆದ ಮೇಲೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಬಟ್ಟೆಯಾದರೂ ಒದ್ದೆಯಾದರೆ ಚಿಂತೆ ಇಲ್ಲ. ಮೊದಲು ಡಾಂಬರಿನಂತೆ ಕಪ್ಪಗಿದ್ದ ಮಲ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ. ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬರುವುದು ರೂಢಿ.

ಕಾಮಾಲೆಯ ವಿಷಯದಲ್ಲಿ ಮಾತ್ರ ಯಾರೂ ಧೈರ್ಯ ಮಾಡಬಾರದು. ನನ್ನ ಎರಡನೆಯ ಮಗಳ ಕೂಸಿಗೆ ಮೂರನೆಯ ದಿನ ಮುಖ ಹಳದಿಯಾಯಿತು. "ಬಿಸಿಲು ಕಾಯಿಸಿದರೆ ಹೋಗುತ್ತದೆ" ಎಂದು ನಾನೇ ಎರಡು ದಿನ ಬೆಳಿಗ್ಗೆ ಜಗಲಿಯಲ್ಲಿ ಹಿಡಿದು ಕುಳಿತೆ. ಐದನೆಯ ದಿನ ಮಗು ಹಾಲು ಬಿಟ್ಟು ಸುಮ್ಮನೆ ಮಲಗಿತು, ಅಂಗಾಲು ಒತ್ತಿ ಬಿಟ್ಟರೆ ಅರಸಿನದ ಬಣ್ಣ. ಆಸ್ಪತ್ರೆಯಲ್ಲಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಇಟ್ಟರು, ಗುಣವಾಯಿತು. ಇನ್ನೂ ತಡವಾಗಿದ್ದರೆ ಮೆದುಳಿಗೇ ಏಟು ಬೀಳುತ್ತಿತ್ತೆಂದು ವೈದ್ಯರು ಹೇಳಿದಾಗ ನನ್ನ ಕೈಕಾಲು ನಡುಗಿದವು. ಅನೇಕ ಮಕ್ಕಳಿಗೆ ಎರಡು, ಮೂರನೆಯ ದಿನ ಸ್ವಲ್ಪ ಹಳದಿ ಬಂದು ತಾನಾಗಿ ಹೋಗುತ್ತದೆ, ನಿಜ. ಆದರೆ ಹುಟ್ಟಿದ ಮೊದಲ ದಿನವೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಕುಡಿಯದೆ ಮಂಕಾದರೆ ಆ ಕ್ಷಣವೇ ಹೊರಡಿ. ಬಿಸಿಲು ಆ ನೀಲಿ ದೀಪಕ್ಕೆ ಬದಲಲ್ಲ. ಹಾಗೆಯೇ ಎಳೆಯ ಮಗುವಿಗೆ ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಗೆ ಸೆಳೆದರೆ, ಸೆಳೆತ ಬಂದರೆ ಮನೆಮದ್ದಿನ ಹೆಸರೆತ್ತಬೇಡಿ.

ಈಗ ಸ್ನಾನ. ಹುಟ್ಟಿದ ದಿನ ಮೀಯಿಸುವುದು ಬೇಡ, ಮೈ ತಣ್ಣಗಾಗುತ್ತದೆ. ಹೊಕ್ಕುಳು ಬಳ್ಳಿ ಉದುರಲು ಒಂದೆರಡು ವಾರ ಬೇಕು. ಅಲ್ಲಿಯ ತನಕ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಹೊಕ್ಕುಳಿಗೆ ಎಣ್ಣೆ, ಬೂದಿ, ಅರಸಿನ, ಪೌಡರು ಏನೂ ಹಾಕಬಾರದು. ಒಣಗಿದ್ದರೆ ಬೇಗ ಬೀಳುತ್ತದೆ. ಸುತ್ತ ಕೆಂಪಾಗಿ ವಾಸನೆ ಬಂದರೆ ತೋರಿಸಬೇಕು. ಬಿದ್ದ ಮೇಲೆ ಅಟ್ಟದ ಹಾಳೆ ಇಳಿಸುತ್ತೇನೆ. ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬಚ್ಚಲಿನಲ್ಲಿ ಹಾಸಿದರೆ ಅದರ ಬುಡದ ಗುಳಿಯಲ್ಲಿ ಮಗುವಿನ ತಲೆ ಸರಿಯಾಗಿ ಕೂರುತ್ತದೆ, ಎರಡು ಅಂಚು ಎದ್ದು ನಿಂತು ಮಗು ಜಾರದಂತೆ ತಡೆಯುತ್ತವೆ, ನೀರು ತುದಿಯಿಂದ ಹರಿದುಹೋಗುತ್ತದೆ. ಹಾಗಿದ್ದರೂ ಒಂದು ಕೈ ಮಗುವಿನ ಕುತ್ತಿಗೆಯ ಕೆಳಗಿಂದ ಕದಲಬಾರದು. ಹಂಡೆಯ ನೀರನ್ನು ಬೆರೆಸಿ ಮೊಣಕೈ ಅದ್ದಿ ನೋಡಿ. ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಇರಬೇಕು. ಮನೆಯ ತೆಂಗಿನೆಣ್ಣೆಯನ್ನು ಹಗುರವಾಗಿ ಸವರಿ. ಮೂಗು ಎಳೆದು ಉದ್ದ ಮಾಡುವುದು, ಎಳೆಯ ಎದೆ ಹಿಂಡಿ ಹಾಲು ತೆಗೆಯುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು ಇವೆಲ್ಲ ಹಿಂಸೆ. ಮಿಂದ ಮೇಲೆ ಕೆಂಡಕ್ಕೆ ಧೂಪ ಹಾಕಿ ಹೊಗೆ ತಾಗಿಸುವುದನ್ನೂ ನಾನು ಬಿಟ್ಟಿದ್ದೇನೆ, ಎಳೆಯ ಶ್ವಾಸಕೋಶಕ್ಕೆ ಹೊಗೆ ಆಗದು. ಕಾಡಿಗೆಯನ್ನು ಕಣ್ಣಿಗೆ ಹಚ್ಚಬೇಡಿ, ಅದರಲ್ಲಿ ಸೀಸವಿರಬಹುದು. ದೃಷ್ಟಿಯ ಭಯವಿದ್ದರೆ ಅಂಗಾಲಿಗೆ ಒಂದು ಬೊಟ್ಟು ಇಡಿ. ಮಲಗಿಸುವಾಗ ಸಪಾಟಾದ ಹಾಸಿಗೆ, ಬೆನ್ನಿನ ಮೇಲೆ, ತಲೆದಿಂಬು ಬೇಡ. ಮಳೆಗಾಲದಲ್ಲಿ ಒಣಗಿದಂತೆ ಕಂಡ ಬಟ್ಟೆಗೂ ಇಸ್ತ್ರಿ ಹಾಕಿಯೇ ತೊಡಿಸಿ.

ತಾಯಿಗೆ ನೀರು ಕೊಡದೆ ಒಣಗಿಸುವ ಕ್ರಮ ನನ್ನ ಕಾಲದಲ್ಲಿತ್ತು. ಹಾಲೂಡಿಸುವಾಗ ಬಾಯಾರಿ ಗಂಟಲು ಅಂಟಿಕೊಳ್ಳುತ್ತಿದ್ದುದು ಇನ್ನೂ ನೆನಪಿದೆ. ಬೇಕಾದಷ್ಟು ಕುಡಿಯಲಿ, ಜೀರಿಗೆ ಹಾಕಿ ಕುದಿಸಿದ ನೀರು ಹಿತ. ನನ್ನ ಮೆಂತೆ ಗಂಜಿ ಹೀಗೆ: ಒಂದು ಕುಡ್ತೆ (ಸಣ್ಣ ಲೋಟದಷ್ಟು) ಕುಚ್ಚಲಕ್ಕಿ, ಎರಡು ಚಮಚ ಮೆಂತೆ ರಾತ್ರಿಯೇ ನೆನೆಯಲಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ, ಮೆಂತೆ ಬೆರಳಿಗೆ ಒತ್ತಿದರೆ ಕರಗುವ ತನಕ ಬೇಯಿಸಿ, ಚೂರು ಜೀರಿಗೆ, ಶುಂಠಿ ಜಜ್ಜಿ ಹಾಕಿ, ಕೊನೆಗೆ ದಪ್ಪ ತೆಂಗಿನ ಹಾಲು ಸೇರಿಸಿ ಇಳಿಸುವುದು. ತೆಂಗಿನ ಹಾಲು ಸೇರಿದ ಮೇಲೆ ಕುದಿಯಬಾರದು, ಒಡೆಯುತ್ತದೆ. ಬೆಲ್ಲ ಬೇಕಾದವರಿಗೆ ಬೆಲ್ಲ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ಉಪ್ಪು. ಮಧ್ಯಾಹ್ನಕ್ಕೆ ನುಗ್ಗೆ ಸೊಪ್ಪು, ಬಸಳೆ, ಹುರುಳಿ ಸಾರು, ಒಂದೆಲಗದ ಚಟ್ನಿ. ತಿನ್ನುವವರಿಗೆ ಮೊಟ್ಟೆ, ಬಂಗುಡೆ. ಬಾಳಂತಿ ಲೇಹ್ಯ ಒಂದು ಚಮಚ ಇರಲಿ, ಆದರೆ ಅದು ಊಟಕ್ಕೆ ಬದಲಲ್ಲ. ಆಸ್ಪತ್ರೆಯವರು ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಆರು ತಿಂಗಳು ಬಿಡದೆ ನುಂಗಬೇಕು, ಎರಡನ್ನೂ ಒಟ್ಟಿಗೆ ಅಲ್ಲ, ಬೇರೆ ಬೇರೆ ಹೊತ್ತಿಗೆ.

ನೆಕ್ಕಿ (ಲಕ್ಕಿ) ಸೊಪ್ಪು ಹಾಕಿ ಕುದಿಸಿದ ನೀರಿನ ಸ್ನಾನ ಮೈನೋವಿಗೆ ಸುಖವೇ. ಸುಡುನೀರನ್ನು ಹೊಟ್ಟೆಗೆ ಎರಚುವುದು ಮಾತ್ರ ಬೇಡ, ಹೊಲಿಗೆ ಇದ್ದವರಿಗಂತೂ ಖಂಡಿತ ಬೇಡ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ತೋಯುವಷ್ಟು ರಕ್ತ, ಚಳಿಜ್ವರ, ದುರ್ವಾಸನೆ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು, ಕಣ್ಣು ಮಂಜಾಗುವ ತಲೆನೋವು ಇವುಗಳಲ್ಲಿ ಯಾವುದು ಕಂಡರೂ ಪುರುಡಿನ ದಿನ ಎಣಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ತಂಗಿಯ ಮಗಳು ಹೆತ್ತ ನಾಲ್ಕನೆಯ ದಿನ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಕೇಳಿದರೆ, "ದೊಡ್ಡಮ್ಮ, ಮಗುವನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿಲ್ಲ, ನಾನು ಕೆಟ್ಟವಳಾ?" ಎಂದಳು. ನಾನು ಬುದ್ಧಿ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು, "ನೀನು ಎರಡು ಗಂಟೆ ಮಲಗು ಮಗಳೇ, ಹಸಿವಾದರೆ ನಾನೇ ತಂದು ಕೊಡುತ್ತೇನೆ" ಎಂದೆ. ಜಗಲಿಯಲ್ಲಿ ಮಗು ನೋಡಲು ಕುಳಿತಿದ್ದವರಿಗೆ ಕಾಫಿ ಕೊಟ್ಟು ಕಳುಹಿಸಿದೆ. ಹೆತ್ತ ಮೂರು ನಾಲ್ಕು ದಿನಕ್ಕೆ ಹೀಗೆ ಕಾರಣವಿಲ್ಲದೆ ಅಳು ಬರುವುದು ತುಂಬ ಮಂದಿಗೆ ಉಂಟು, ಎರಡು ವಾರದಲ್ಲಿ ತಿಳಿಯಾಗುತ್ತದೆ. ಆಗದಿದ್ದರೆ, ನಿದ್ದೆ ಊಟ ಬಿಟ್ಟರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದು ಕಾಯಿಲೆ, ಗಾಳಿ ಸೋಂಕಲ್ಲ. ವೈದ್ಯರ ಬಳಿ ಕರೆದೊಯ್ಯಿರಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ರಾತ್ರಿ ಹಗಲು ಕರೆ ಮಾಡಿ ಮಾತನಾಡಲೂಬಹುದು.

ಗಡಿನಾಡಿನವರಿಗೆ ಕಾಗದದ ಕೆಲಸವೂ ಸ್ವಲ್ಪ ಹೆಚ್ಚು. ಹುಟ್ಟಿದ ಊರಿನಲ್ಲಿಯೇ ಜನನ ನೋಂದಣಿ, 21 ದಿನದೊಳಗೆ. ಮಂಗಳೂರಿನಲ್ಲಿ ಹೆತ್ತರೆ ಪ್ರಮಾಣಪತ್ರ ಕರ್ನಾಟಕದ್ದು. ಹೆಸರನ್ನು ಅವಸರಪಟ್ಟು ಬರೆಸಬೇಕಿಲ್ಲ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಬರೆಸುವಾಗ ಒಂದೊಂದು ಅಕ್ಷರ ನೋಡಿ. ಹುಟ್ಟಿದಾಗ ಹಾಕಿದ ಬಿ.ಸಿ.ಜಿ., ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆಗಳ ಕಾರ್ಡನ್ನು ಊರಿಗೆ ಬಂದ ಕೂಡಲೇ ಆಶಾ ಕಾರ್ಯಕರ್ತೆಗೆ ತೋರಿಸಿ. ಮುಂದಿನದು ಆರು, ಹತ್ತು, ಹದಿನಾಲ್ಕನೆಯ ವಾರ. ನನ್ನ ಸೊಸೆ ಸುಳ್ಯದವಳು, ಮಲಯಾಳ ಓದಲು ಬಾರದು. ಇಲ್ಲಿಯ ಕಾರ್ಡಿನ ಪ್ರತಿ ಸಾಲಿನ ಪಕ್ಕದಲ್ಲಿ ಆಶಾ ಕಾರ್ಯಕರ್ತೆಯಿಂದ ಕೇಳಿ ನಾನು ಕನ್ನಡದಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟೆ. ಓದಲಾರದ ಚೀಟಿಯನ್ನು ನಂಬಿ ಮದ್ದು ಕೊಡುವಂತಾಗಬಾರದು, ಎರಡು ಸಲ ಕೇಳಲು ನಾಚಿಕೆ ಬೇಡ.

ರಾತ್ರಿಯ ಮಾತೊಂದು ಉಳಿದಿದೆ. ಹಾಲೂಡಿಸಲು ಏಳುವವಳಿಗೆ ನಡುರಾತ್ರಿ ಹೊಟ್ಟೆ ಕುಟುಕುತ್ತದೆ, ಯಾರನ್ನೂ ಎಬ್ಬಿಸಲು ಮನಸ್ಸಾಗುವುದಿಲ್ಲ. ಮಲಗುವ ಮೊದಲು ಅವಳ ಕೈಗೆಟಕುವಂತೆ ಫ್ಲಾಸ್ಕಿನಲ್ಲಿ ಜೀರಿಗೆ ನೀರು, ಮುಚ್ಚಳದ ಡಬ್ಬದಲ್ಲಿ ಎರಡು ಎಳ್ಳುಂಡೆ, ಮಡಚಿದ ನಾಲ್ಕು ಒಣ ಬಟ್ಟೆ ಇಡಿ. ಟಾರ್ಚನ್ನು ಗೋಡೆಯ ಮೊಳೆಗೆ ನೇತುಹಾಕಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಅಂಥ ಹೊತ್ತಿನಲ್ಲಿಯೇ.