ಜಿಮ್ ನೆಲಕ್ಕೆ ನಾನೇ ರಬ್ಬರ್ ಹಾಕಿದ್ದು ಹೀಗೆ

ಯಾವ ಜಿಮ್‌ಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ನೆಲದ ಜಾಯಿಂಟ್‌ಗಳ ಮೇಲೆ. ರಬ್ಬರ್ ಹಾಸಿನ ನಡುಭಾಗ ವರ್ಷಗಟ್ಟಲೆ ಏಟು ತಿಂದರೂ ಜಗ್ಗುವುದಿಲ್ಲ. ಹಾಳಾಗುವುದು ಅಂಚಿನಲ್ಲಿ. ಒಂದು ಕಡೆ ಅಂಚು ಎದ್ದಿರುತ್ತದೆ, ಇನ್ನೊಂದು ಕಡೆ ಸಂದು ಬಿಟ್ಟಿರುತ್ತದೆ, ಆ ಸಂದಿನಲ್ಲಿ ಹಿಡಿತ ಜಾರದಿರಲು ಕೈಗೆ ಹಚ್ಚುವ ಚಾಕ್ ಪುಡಿ, ಕೂದಲು, ಬೆವರು ಎಲ್ಲ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ನಮ್ಮ ಜಿಮ್‌ನ ನೆಲವನ್ನು ನಾನೇ ಹಾಕಲು ಹೊರಟಾಗ ತಲೆಯಲ್ಲಿ ಇದ್ದದ್ದು ಇದೊಂದೇ. ಜಾಯಿಂಟ್ ಚೆನ್ನಾಗಿ ಕೂರಬೇಕು, ಕೂತ ಮೇಲೆ ಹಾಗೇ ಉಳಿಯಬೇಕು.

ದಪ್ಪದ ವಿಷಯ ಬೇಗ ಮುಗಿಸುತ್ತೇನೆ. ಇಡೀ ಜಿಮ್‌ಗೆ ಒಂದೇ ದಪ್ಪ ಬೇಕಿಲ್ಲ. ಟ್ರೆಡ್‌ಮಿಲ್, ಸೈಕಲ್, ಕೇಬಲ್ ಮೆಷಿನ್ ನಿಲ್ಲುವ ಕಡೆ ಮತ್ತು ಖಾಲಿ ಜಾಗದಲ್ಲಿ 8 ಎಂಎಂ ರೋಲ್ ಹಾಕಿದೆ. ಡಂಬ್‌ಬೆಲ್ ರ‍್ಯಾಕ್ ಮುಂದೆ 20 ಎಂಎಂ ಟೈಲ್. ಡೆಡ್‌ಲಿಫ್ಟ್, ಅಂದರೆ ಭಾರದ ಬಾರನ್ನು ನೆಲದಿಂದ ಎತ್ತುವ ವ್ಯಾಯಾಮ, ಮಾಡುವ ಜಾಗಕ್ಕೆ ಬರೀ ರಬ್ಬರ್ ಸಾಲದು, ಅಲ್ಲಿಗೆ 8 ಅಡಿಗೆ 8 ಅಡಿಯ ಪ್ಲಾಟ್‌ಫಾರ್ಮ್ ಕಟ್ಟಿದೆ. ಕೆಳಗೆ 18 ಎಂಎಂ ಪ್ಲೈವುಡ್ ಎರಡು ಪದರ, ಒಂದಕ್ಕೊಂದು ಅಡ್ಡಡ್ಡ. ಮೇಲೆ ನಡುವೆ 4 ಅಡಿ ಅಗಲದ ಪ್ಲೈವುಡ್, ಎರಡೂ ಬದಿಗೆ 2 ಅಡಿ ಅಗಲದ ದಪ್ಪ ರಬ್ಬರ್. ಕಾಲು ಗಟ್ಟಿ ಮರದ ಮೇಲೆ, ಬಾರ್‌ಗೆ ಹಾಕಿದ ತೂಕದ ಪ್ಲೇಟ್ ಬೀಳುವುದು ರಬ್ಬರ್ ಮೇಲೆ. ಮೇಲಿನ ಮಹಡಿಯಲ್ಲಿ ಜಿಮ್ ಮಾಡುವವರು ಒಂದು ನೆನಪಿಡಿ. ದಪ್ಪ ರಬ್ಬರ್ ಸದ್ದನ್ನು ಕಡಿಮೆ ಮಾಡುತ್ತದೆ, ಆದರೆ ಭಾರ ಬಿದ್ದಾಗ ಸ್ಲ್ಯಾಬ್‌ನಲ್ಲಿ ಹೋಗುವ ನಡುಕವನ್ನು ಪೂರ್ತಿ ನುಂಗುವುದಿಲ್ಲ.

ಈ ಹಾಸಿನಲ್ಲಿ ಹೆಚ್ಚಿನವು ಹಳೆಯ ಟೈರ್ ಪುಡಿ ಮಾಡಿ, ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ, ಒತ್ತಿ ಮಾಡಿದವು. ನೀಲಿ, ಬೂದು, ಕೆಂಪು ಚುಕ್ಕೆಗಳಿರುತ್ತವಲ್ಲ, ಅವು ಇಪಿಡಿಎಂ ಎಂಬ ಬೇರೆ ರಬ್ಬರಿನ ಚೂರುಗಳು. ಪುಡಿ ಕೂಡಿಸಿ ಮಾಡಿದ್ದರಿಂದ ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಇದ್ದೇ ಇರುತ್ತವೆ. ಈ ಒಂದು ಸಂಗತಿ ಗೊತ್ತಿದ್ದರೆ ಮುಂದೆ ಹೇಗೆ ತೊಳೆಯಬೇಕು, ಏನು ಹಾಕಬಾರದು ಎಂಬುದು ತಾನಾಗಿ ಅರ್ಥವಾಗುತ್ತದೆ.

ಈಗ ಕೆಳಗಿನ ನೆಲ. ನಮ್ಮದು ಕಾಂಕ್ರೀಟ್. ಉದ್ದನೆಯ ನೇರ ಪಟ್ಟಿಯೊಂದನ್ನು ನೆಲದ ಮೇಲೆ ಅಡ್ಡಡ್ಡ, ಉದ್ದುದ್ದ ಇಟ್ಟು ಕೆಳಗೆ ಬೆಳಕು ಎಲ್ಲಿ ಕಾಣುತ್ತದೆ ನೋಡಿದೆ. 3 ಮೀಟರ್ ಉದ್ದಕ್ಕೆ 3 ಎಂಎಂಗಿಂತ ಜಾಸ್ತಿ ಏರುಪೇರು ಇದ್ದರೆ ಸರಿ ಮಾಡಲೇಬೇಕು. ಉಬ್ಬು ಇದ್ದ ಕಡೆ ಉಜ್ಜಿಸಿದೆ, ತಗ್ಗು ಇದ್ದ ಕಡೆ ಲೆವೆಲಿಂಗ್ ಕಾಂಪೌಂಡ್ ಸುರಿಸಿದೆ. ರಬ್ಬರ್ ಮೆತ್ತಗಿದೆ, ಏರುಪೇರು ಮುಚ್ಚಿಕೊಳ್ಳುತ್ತದೆ ಎಂದು ಹೇಳುವವರು ಸಿಗುತ್ತಾರೆ. ರೋಲ್ ನೆಲದ ಆಕಾರಕ್ಕೇ ಬಗ್ಗುತ್ತದೆ, ಏನನ್ನೂ ಮುಚ್ಚುವುದಿಲ್ಲ. ಜಾಯಿಂಟ್ ಒಂದು ತಗ್ಗಿನ ಮೇಲೆ ಬಂದರೆ ಅಲ್ಲಿ ಅಂಟು ಹಿಡಿಯುವುದೇ ಇಲ್ಲ.

ತೇವ ನೋಡುವುದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಕಾಂಕ್ರೀಟ್ ಮೇಲೆ ಅಂಟಿಸಿ, ರಾತ್ರಿ ಹಾಗೇ ಬಿಡಬೇಕು. ಕನಿಷ್ಠ 16 ಗಂಟೆ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ನೀರ ಹನಿ ಕಂಡರೆ, ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ, ಇನ್ನೂ ಹಾಕಬಾರದು. ಒಂದೇ ಮೂಲೆಯಲ್ಲಿ ನೋಡಿ ಬಿಡಬೇಡಿ. ಬಚ್ಚಲು ಕಡೆಯ ಗೋಡೆ, ಹೊರಗೋಡೆ, ನಡುಭಾಗ, ಎಲ್ಲ ಕಡೆ ನೋಡಬೇಕು. ಹೊಸ ಕಾಂಕ್ರೀಟ್ ಆದರೆ ತಾಳ್ಮೆ ಇನ್ನೂ ಜಾಸ್ತಿ ಬೇಕು. ಕೆಳಗಿನ ತೇವ ರಬ್ಬರ್ ದಾಟಿ ಬರಲಾಗದೆ ಜಾಯಿಂಟ್ ಹುಡುಕುತ್ತದೆ, ಅಲ್ಲಿನ ಅಂಟನ್ನು ಬಿಡಿಸುತ್ತದೆ, ಆಮೇಲೆ ವಾಸನೆ ಶುರು.

ಹಳೆಯ ಕಾರ್ಪೆಟ್ ಮೇಲೆ ಸುಮ್ನೆ ಹಾಸಿಬಿಡೋಣ ಎನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಅಡಿ ಅಲುಗಾಡಿದರೆ ಜಾಯಿಂಟ್ ನಿಲ್ಲುವುದಿಲ್ಲ. ವಿನೈಲ್ ಮೇಲೂ ಬೇಡ. ರಬ್ಬರಿನಲ್ಲಿರುವ ರಾಸಾಯನಿಕ ಇಳಿದು ವಿನೈಲ್ ಮೇಲೆ ಕಂದು ಕಲೆ ಮಾಡುತ್ತದೆ, ಆ ಕಲೆ ಹೋಗುವುದಿಲ್ಲ. ಬಾಡಿಗೆ ಕಟ್ಟಡ ಆದರಂತೂ ಮುಂದೊಂದು ದಿನ ಮಾಲೀಕರ ಜೊತೆ ಜಗಳ ಗ್ಯಾರಂಟಿ.

ರೋಲ್ ಇಳಿಸುವಾಗ ಅದರ ತೂಕ ಗೊತ್ತಾಗುತ್ತದೆ. 4 ಅಡಿ ಅಗಲ, 10 ಮೀಟರ್ ಉದ್ದ, 8 ಎಂಎಂ ದಪ್ಪದ ಒಂದು ರೋಲ್ ಹತ್ತಿರ ಹತ್ತಿರ 100 ಕೆಜಿ. ಜಿಮ್ ನಡೆಸುವವರ ಬಳಿ ಭಾರ ಎತ್ತುವವರಿಗೆ ಬರ ಇಲ್ಲ ನಿಜ, ಆದರೂ ಟ್ರಾಲಿ ಇಟ್ಟುಕೊಳ್ಳಿ. ಬಂದ ತಕ್ಷಣ ಕತ್ತರಿಸಬಾರದು. ಸುತ್ತುವಾಗ ಕಾರ್ಖಾನೆಯಲ್ಲಿ ಎಳೆದು ಸುತ್ತಿರುತ್ತಾರೆ. ಬಿಚ್ಚಿ ಹಾಸಿ ಒಂದೆರಡು ದಿನ ಬಿಟ್ಟರೆ ಆ ಎಳೆತ ಬಿಟ್ಟು ತನ್ನ ಅಳತೆಗೆ ಬರುತ್ತದೆ, ಕೋಣೆಯ ಬಿಸಿಗೂ ಹೊಂದಿಕೊಳ್ಳುತ್ತದೆ. ಬಿಚ್ಚಿದ ದಿನವೇ ಗೋಡೆಗೆ ಸರಿಯಾಗಿ ಕತ್ತರಿಸಿದರೆ ಆಮೇಲೆ ಅದು ಕುಗ್ಗಿ ತುದಿಯಲ್ಲಿ ಸಂದು ಬೀಳುತ್ತದೆ. ಟೈರ್ ವಾಸನೆ ಹೋಗುವುದಕ್ಕೂ ಈ ದಿನಗಳು ಒಳ್ಳೆಯವು. ಕಿಟಕಿ ತೆರೆದು ಫ್ಯಾನ್ ಹಾಕಿ ಬಿಟ್ಟೆ. ವಾಸನೆ ಪೂರ್ತಿ ಹೋಗಲು ಇನ್ನೂ ಸಮಯ ಬೇಕು, ಸುಗಂಧದ ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ.

ಹಾಸುವ ಮೊದಲು ನೂಲು ಹಿಡಿದು ನೆಲದ ಮೇಲೆ ಗೆರೆ ಹೊಡೆದೆ. ಗೋಡೆಯನ್ನು ನಂಬಿ ಶುರು ಮಾಡಬಾರದು, ನೇರ ಗೋಡೆ ಬಹಳ ಅಪರೂಪ. 3, 4, 5 ಅಳತೆಯ ತ್ರಿಕೋನ ಹಾಕಿ (ಅದರ ಒಂದು ಮೂಲೆ ಸರಿಯಾಗಿ 90 ಡಿಗ್ರಿ ಇರುತ್ತದೆ) ಮೂಲೆ ನೋಡಿದರೆ ಗೋಡೆಯ ಬಣ್ಣ ಬಯಲಾಗುತ್ತದೆ. ಎಲ್ಲ ರೋಲ್‌ಗಳೂ ಒಂದೇ ದಿಕ್ಕಿಗೆ ಇರಬೇಕು. ರೋಲ್ ಮೇಲೆ ನಂಬರ್ ಬರೆದಿದ್ದರೆ ಅದೇ ಸಾಲಿನಲ್ಲಿ ಹಾಸಬೇಕು, ಚುಕ್ಕೆಗಳ ಬಣ್ಣ ಪಕ್ಕಪಕ್ಕದಲ್ಲಿ ಹೊಂದುತ್ತದೆ.

ಕತ್ತರಿಸುವುದಕ್ಕೆ ಬೇಕಾದದ್ದು ಕಟರ್, ಕಬ್ಬಿಣದ ಪಟ್ಟಿ, ಮತ್ತೆ ಬ್ಲೇಡ್‌ಗಳ ರಾಶಿ. ಬ್ಲೇಡ್ ಉಳಿಸಲು ಹೋಗಬೇಡಿ. ಮೊಂಡಾದ ಬ್ಲೇಡ್ ರಬ್ಬರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ಆ ಹರಿದ ಅಂಚು ಎಂದೂ ಇನ್ನೊಂದಕ್ಕೆ ಕೂಡುವುದಿಲ್ಲ. ಒಂದೇ ಏಟಿಗೆ ಕತ್ತರಿಸುವ ಆಸೆಯೂ ಬೇಡ. ಪಟ್ಟಿಯ ಮೇಲೆ ಮೊಣಕಾಲೂರಿ, ಮೊದಲು ಗೀರು, ಆಮೇಲೆ ಅದೇ ಗೀರಿನಲ್ಲಿ ಎರಡು ಮೂರು ಸಲ. ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಗೀರು ಬಾಯಿ ಬಿಡುತ್ತದೆ, ಬ್ಲೇಡ್ ಸಿಕ್ಕಿಕೊಳ್ಳುವುದಿಲ್ಲ. 20 ಎಂಎಂ ಟೈಲ್‌ಗೆ ಬ್ಲೇಡನ್ನು ಸಾಬೂನು ನೀರಿನಲ್ಲಿ ಅದ್ದಿಕೊಳ್ಳುತ್ತಿದ್ದೆ, ಬೆಣ್ಣೆಯಂತೆ ಅಲ್ಲದಿದ್ದರೂ ಆರಾಮಾಗಿ ಓಡುತ್ತದೆ. ಕಾರ್ಖಾನೆಯಿಂದ ಬಂದ ಅಂಚನ್ನು ಕಾರ್ಖಾನೆಯ ಅಂಚಿಗೇ ಕೂಡಿಸಿದೆ. ನಾನು ಕತ್ತರಿಸಿದ ಅಂಚುಗಳೆಲ್ಲ ಗೋಡೆ ಕಡೆಗೆ ಹೋದವು, ಅಲ್ಲಿ ಪಟ್ಟಿ ಹೊಡೆದರೆ ಮುಚ್ಚುತ್ತದೆ.

ಎರಡು ಅಂಚುಗಳನ್ನು ಎಷ್ಟು ಬಿಗಿ ಕೂಡಿಸಬೇಕು ಎಂಬುದರಲ್ಲೇ ಕೈಚಳಕ ಇರುವುದು. ತಾಕಿರಬೇಕು, ತಳ್ಳಿರಬಾರದು. ಜಾಸ್ತಿ ಒತ್ತಿ ಕೂರಿಸಿದರೆ ಆ ದಿನ ನೋಡಲು ಚೆಂದ, ಮರುದಿನ ಉದ್ದಕ್ಕೂ ಸಣ್ಣ ಏಣು ಎದ್ದಿರುತ್ತದೆ. ನಾನು ಅಂಗೈಯನ್ನು ಜಾಯಿಂಟ್ ಮೇಲೆ ಅಡ್ಡಡ್ಡ ಸವರಿ ನೋಡುತ್ತಿದ್ದೆ. ಕಣ್ಣಿಗೆ ಕಾಣದ ಏಣು ಅಂಗೈಗೆ ತಿಳಿಯುತ್ತದೆ. ಏಣು ಸಿಕ್ಕಿದರೆ ರೋಲನ್ನು ಹಿಂದೆ ಮಡಚಿ ಕೂದಲೆಳೆಯಷ್ಟು ಸರಿಸಿ ಮತ್ತೆ ಬಿಡುವುದು.

ಅಂಟು ಎಲ್ಲ ಕಡೆ ಹಾಕಲಿಲ್ಲ. ಭಾರದ ಮೆಷಿನ್ ಇರುವ ಕಡೆ ಅಂಚುಗಳಿಗೆ ಮತ್ತು ಜಾಯಿಂಟ್‌ಗೆ ಡಬಲ್ ಸೈಡ್ ಟೇಪ್ ಸಾಕಾಯಿತು. ಓಡುವ, ಜಿಗಿಯುವ, ಸ್ಲೆಡ್ (ಭಾರ ಹೇರಿದ ಜಾರುಬಂಡಿ) ತಳ್ಳುವ ಜಾಗಕ್ಕೆ ಪೂರ್ತಿ ಅಂಟು. ರೋಲನ್ನು ಅರ್ಧ ಮಡಚಿ, ಹಲ್ಲಿನ ಕರಣೆಯಲ್ಲಿ ಪಾಲಿಯುರೆಥೇನ್ ಅಂಟು ಎಳೆದು, ಮತ್ತೆ ಮೆಲ್ಲಗೆ ಬಿಟ್ಟು, ಆಮೇಲೆ ಉಳಿದ ಅರ್ಧ. ಸುಮಾರು 45 ಕೆಜಿಯ ರೋಲರ್ ಎರಡೂ ದಿಕ್ಕಿಗೆ ಓಡಿಸಿದರೆ ಒಳಗಿನ ಗಾಳಿ ಹೋಗುತ್ತದೆ. ಜಾಯಿಂಟ್‌ನಲ್ಲಿ ಮೇಲೆ ಉಕ್ಕಿದ ಅಂಟನ್ನು ಆಗಲೇ ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಒಣಗಿದ ಮೇಲೆ ಆ ಅಂಟು ಯಾವುದಕ್ಕೂ ಬಗ್ಗುವುದಿಲ್ಲ, ಕೈಗೆ ಹತ್ತಿದರೂ ಅಷ್ಟೇ, ಗ್ಲೌಸ್ ಹಾಕಿಕೊಳ್ಳಿ. ರಾತ್ರಿ ಜಾಯಿಂಟ್ ಉದ್ದಕ್ಕೂ ಪ್ಲೇಟ್‌ಗಳನ್ನು ಸಾಲಾಗಿ ಇಟ್ಟು ಮನೆಗೆ ಹೋದೆ. ಒಂದು ದಿನ ಯಾರೂ ಕಾಲಿಡಲಿಲ್ಲ, ಮೆಷಿನ್‌ಗಳು ಎರಡು ಮೂರು ದಿನ ಬಿಟ್ಟು ಬಂದವು. ದಪ್ಪ ಟೈಲ್‌ಗಳಿಗೆ ಅಂಟೇ ಬೇಡ, ತೂಕದಲ್ಲೇ ಕೂರುತ್ತವೆ. ಗೋಡೆ ಬದಿ ಮಾತ್ರ 6 ಎಂಎಂ ಜಾಗ ಬಿಟ್ಟೆ, ಬಿಸಿಗೆ ರಬ್ಬರ್ ಹಿಗ್ಗುತ್ತದೆ.

ಇನ್ನು ನೋಡಿಕೊಳ್ಳುವ ವಿಷಯ. ಹೊಸ ರಬ್ಬರ್ ಮೇಲೆ ಕಾರ್ಖಾನೆಯ ಪುಡಿ ಇರುತ್ತದೆ, ಮೊದಮೊದಲು ಮಾಪ್ ಕಪ್ಪಾಗುತ್ತದೆ, ಗಾಬರಿ ಬೇಡ. ದಿನದ ಕೆಲಸದಲ್ಲಿ ಮುಖ್ಯವಾದದ್ದು ವ್ಯಾಕ್ಯೂಮ್. ಪೊರಕೆ ಪುಡಿಯನ್ನು ಸಂದಿಗೆ ತಳ್ಳುತ್ತದೆ, ವ್ಯಾಕ್ಯೂಮ್ ಎಳೆದುಕೊಳ್ಳುತ್ತದೆ. ಚಾಕ್ ಪುಡಿ ಬಿದ್ದ ಕಡೆಗಂತೂ ಒದ್ದೆ ಬಟ್ಟೆ ಮೊದಲು ತಾಕಲೇಬಾರದು. ನೀರು ಸೇರಿದರೆ ಅದು ರಂಧ್ರಗಳಲ್ಲಿ ಕೂತು ಬಿಳಿ ಮಚ್ಚೆ ಆಗುತ್ತದೆ.

ನಮ್ಮಲ್ಲಿ ಶುಚಿ ಮಾಡುವ ಅಕ್ಕನಿಗೆ ಇದು ಮೊದಲು ಒಪ್ಪಿಗೆ ಆಗಲಿಲ್ಲ. "ಬಕೆಟ್ ನೀರು ಸುರಿದು ಉಜ್ಜಿದ್ರೆ ತಾನೇ ಸಾರ್ ತೊಳೆದ ಹಾಗೆ ಅನ್ಸೋದು?" ಎಂದರು. ನಾನು ಸಡಿಲವಾಗಿದ್ದ ಒಂದು ಟೈಲ್ ಎತ್ತಿ ತೋರಿಸಿದೆ. ಅಡಿಯಲ್ಲಿ ತೇವ ಹಾಗೇ ನಿಂತಿತ್ತು. "ಅಯ್ಯೋ, ಕೊಳೆಯತ್ತಲ್ಲ ಸಾರ್" ಎಂದವರು ಆಮೇಲೆ ಮಾಪನ್ನು ನನಗಿಂತ ಚೆನ್ನಾಗಿ ಹಿಂಡುತ್ತಾರೆ. ನೀರಿಗೆ ಪಿಎಚ್ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ, ಸೌಮ್ಯ ಕ್ಲೀನರ್ ಸ್ವಲ್ಪ, ಮೈಕ್ರೋಫೈಬರ್ ಮಾಪ್, ಅಷ್ಟೇ. ನೂಲಿನ ಮಾಪ್ ಒರಟು ರಬ್ಬರಿಗೆ ಎಳೆ ಬಿಡುತ್ತದೆ.

ಬ್ಲೀಚ್, ಸೀಮೆಎಣ್ಣೆ, ಥಿನ್ನರ್, ಎಣ್ಣೆ ಅಂಶದ ಕ್ಲೀನರ್ ಯಾವುದೂ ಹತ್ತಿರ ಬರಬಾರದು. ಪೆಟ್ರೋಲ್ ಜಾತಿಯ ದ್ರವ ರಬ್ಬರನ್ನು ಉಬ್ಬಿಸುತ್ತದೆ, ಪುಡಿ ಹಿಡಿದಿಟ್ಟ ಅಂಟನ್ನು ಬಿಡಿಸುತ್ತದೆ. ಎಣ್ಣೆ ಸಾಬೂನು ಹಾಕಿದರೆ ಹೊಳಪು ಬರುತ್ತದೆ, ಜೊತೆಗೆ ಜಾರಿಕೆಯೂ. ಕೈಯಲ್ಲಿ 30 ಕೆಜಿ ಹಿಡಿದು, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಲಂಜ್ ಮಾಡುವವರಿಗೆ ಆ ಹೊಳಪು ಬೇಕಾ? ಟ್ರೆಡ್‌ಮಿಲ್ ಬೆಲ್ಟ್‌ಗೆ ಸಿಲಿಕೋನ್ ಹಾಕುವಾಗ ಕೆಳಗೆ ಬಟ್ಟೆ ಹಾಸುತ್ತೇನೆ, ಒಂದು ಹನಿ ಬಿದ್ದರೂ ಅಲ್ಲಿ ಕಾಲು ಜಾರುತ್ತದೆ.

ಮೆಷಿನ್ ಕಾಲಿನ ಗುಳಿಗೆ ಜನ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಭಾರ ತೆಗೆದರೆ ಬಹುಪಾಲು ಗುಳಿ ನಿಧಾನಕ್ಕೆ ಮೇಲೆ ಬರುತ್ತದೆ. ಚೂಪು ಕಾಲಿನ ಬೆಂಚ್ ಆದರೆ ಕಾಲಿನ ಕೆಳಗೆ ಅಗಲವಾದ ತುಂಡೊಂದನ್ನು ಇಟ್ಟರೆ ಸಾಕು. ನನಗೆ ಜಾಸ್ತಿ ಚಿಂತೆ ಕಿಟಕಿಯ ಬಿಸಿಲಿನದು. ದಿನಾ ನೇರ ಬಿಸಿಲು ಬೀಳುವ ಕಡೆ ಬಣ್ಣ ಮಾಸುತ್ತದೆ, ರಬ್ಬರ್ ಬಿರುಸಾಗುತ್ತದೆ, ಜಾಯಿಂಟ್ ಬಾಯಿ ಬಿಡುವುದೂ ಅಲ್ಲಿಯೇ ಮೊದಲು. ಅಲ್ಲಿಗೆ ಪರದೆ ಹಾಕಿದ್ದೇನೆ.

ವಾರಕ್ಕೊಮ್ಮೆ ಜಿಮ್ ಖಾಲಿ ಇರುವಾಗ ಜಾಯಿಂಟ್‌ಗಳ ಮೇಲೆ ಬರಿಗಾಲಲ್ಲಿ ನಡೆಯುತ್ತೇನೆ. ಅಂಚು ಎದ್ದದ್ದು ಪಾದಕ್ಕೆ ತಗಲುತ್ತದೆ. ಚಿಕ್ಕದಿದ್ದಾಗಲೇ ಎತ್ತಿ, ಅಡಿಯ ಕಸವನ್ನು ವ್ಯಾಕ್ಯೂಮ್ ಮಾಡಿ, ಹಳೆಯ ಟೇಪ್ ಕೆರೆದು ಹೊಸದು ಹಾಕಿ, ಪ್ಲೇಟ್ ಇಟ್ಟರೆ ಮುಗಿಯಿತು. ಬಿಟ್ಟರೆ ಎಲ್ಲರ ಶೂ ತುದಿ ಅದಕ್ಕೇ ತಗಲಿ ಸುರುಳಿ ಸುತ್ತುತ್ತದೆ, ಆಗ ತುಂಡು ಹಾಕುವುದೇ ದಾರಿ. ರ‍್ಯಾಕ್ ಮುಂದಿನ ಟೈಲ್‌ಗಳು ಬೇಗ ಸವೆಯುತ್ತವೆ, ಅವನ್ನು ಮೂಲೆಯ ಟೈಲ್‌ಗಳ ಜೊತೆ ಅದಲು ಬದಲು ಮಾಡುತ್ತೇನೆ. ರೋಲ್ ಕೊಳ್ಳುವಾಗಲೇ ಅದೇ ಲಾಟ್‌ನಲ್ಲಿ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನಲ್ಲಿ) ಸ್ವಲ್ಪ ಜಾಸ್ತಿ ತೆಗೆದಿಟ್ಟುಕೊಳ್ಳಿ. ಹೊಸ ಲಾಟ್‌ನ ಚುಕ್ಕೆ ಹಳೆಯದಕ್ಕೆ ಹೊಂದುವುದು ಕಷ್ಟ. ನನ್ನ ಉಳಿಕೆ ತುಂಡುಗಳು ಸ್ಟೋರ್ ರೂಮಿನಲ್ಲಿ ಮಡಚದೆ ಚಪ್ಪಟೆಯಾಗಿ ಮಲಗಿವೆ, ಮೇಲೆ ಲಾಟ್ ನಂಬರ್ ಬರೆದ ಚೀಟಿ.